ಸೀಮೆಎಣ್ಣೆಗೂ ಸೀರೆಗೂ ಒಂದೇ ತವರುಮನೆ

ಹೋದ ಸಂಚಿಕೆಯಲ್ಲಿ ನಾನು ರಿಫೈನರಿಯಲ್ಲಿ ಶಿಫ್ಟ್ ಮಾಡ್ತಿದ್ದ ಕಾಲದ ಬಗ್ಗೆ ಸುಮ್ನೆ ಒಂದು ಸಾಲು ಬರೆದಿದ್ದೆ ಅಷ್ಟೇ, ಅದನ್ನೇ ಹಿಡ್ಕೊಂಡು ಇಷ್ಟೊಂದು ಜನ ಪ್ರಶ್ನೆ ಕಳಿಸಿದೀರ, ಹಾಗಾಗಿ ಈ ಸಲದ ಅಂಕಣ ಪೂರ್ತಿ ಕ್ರೂಡ್ ಆಯಿಲ್‌ಗೇ, ಅಂದ್ರೆ ಕಚ್ಚಾ ತೈಲಕ್ಕೇ ಮೀಸಲು. ಉದಾಹರಣೆಗೆ ನಮ್ಮದೇ ಮಂಗಳೂರಿನ ಎಂಆರ್‌ಪಿಎಲ್ ಇಟ್ಕೋತೀನಿ, ಯಾಕಂದ್ರೆ ಕರ್ನಾಟಕದಲ್ಲಿರೋ ರಿಫೈನರಿ ಅದೊಂದೇ. 1988ರಲ್ಲಿ ಎಚ್‌ಪಿಸಿಎಲ್ ಮತ್ತು ಬಿರ್ಲಾ ಗುಂಪು ಸೇರಿ ಕಂಪನಿ ಮಾಡಿದ್ರು, 1996ರಲ್ಲಿ ಕೆಲಸ ಶುರುವಾಯ್ತು, 2003ರಲ್ಲಿ ಒಎನ್‌ಜಿಸಿ ಕೈಗೆ ಬಂತು. ಈಗ ಅದರ ಸಾಮರ್ಥ್ಯ ವರ್ಷಕ್ಕೆ 1.5 ಕೋಟಿ ಟನ್ ಕ್ರೂಡ್, ಅಂದ್ರೆ ದಿನಕ್ಕೆ ಹತ್ತಿರತ್ತಿರ 3 ಲಕ್ಷ ಪೀಪಾಯಿ.

ಪ್ರಶ್ನೆ: ಸರ್, ಒಂದೇ ಕಚ್ಚಾ ತೈಲದಿಂದ ಗ್ಯಾಸು, ಪೆಟ್ರೋಲು, ಡೀಸೆಲ್ಲು, ಟಾರು ಎಲ್ಲಾ ಹೇಗೆ ಬರುತ್ತೆ? ನಮ್ಮ ಪುಸ್ತಕದಲ್ಲಿ ಒಂದು ಉದ್ದ ಕಂಬದ ಚಿತ್ರ ಹಾಕಿ ಪಕ್ಕದಲ್ಲಿ ನಾಲ್ಕು ಬಾಣ ಬಿಟ್ಟಿದಾರೆ, ಏನೂ ಅರ್ಥ ಆಗಲ್ಲ. — ಬಿ.ಎಸ್‌ಸಿ. ವಿದ್ಯಾರ್ಥಿನಿ, ಹಾಸನ

ಉತ್ತರ: ನಾನು ಓದುವಾಗಲೂ ಅದೇ ಕಂಬ ಅದೇ ಬಾಣ ಇತ್ತು ಕಣಮ್ಮ, ಕೆಲಸಕ್ಕೆ ಸೇರಿ ಆ ಕಂಬದ ಬುಡದಲ್ಲಿ ನಿಂತು ಕತ್ತೆತ್ತಿ ನೋಡಿದ ಮೇಲೇ ನನಗೂ ಅರ್ಥ ಆಗಿದ್ದು.

ಕ್ರೂಡ್‌ನಿಂದ ಪೆಟ್ರೋಲ್ "ತಯಾರು ಮಾಡ್ತಾರೆ" ಅನ್ನೋದು ಅರ್ಧ ಮಾತ್ರ ಸರಿ. ತುಂಬಾ ಪದಾರ್ಥ ಅದರೊಳಗೆ ಮೊದಲೇ ಬೆರೆತು ಕೂತಿರುತ್ತೆ, ಬೇರೆ ಮಾಡ್ಬೇಕು ಅಷ್ಟೇ. ಮಲ್ಲಿಗೆ ಮಾಲೆ ಕಣ್ಮುಂದೆ ತಂದ್ಕೊಳ್ಳಿ, ಒಂದೊಂದು ಹೂವೂ ಒಂದೊಂದು ಇಂಗಾಲದ ಪರಮಾಣು. ಮೂರು ನಾಲ್ಕು ಹೂವಿನ ತುಂಡು ಇದ್ರೆ ಅದು ಅಡುಗೆ ಗ್ಯಾಸು, ಐದರಿಂದ ಹತ್ತು ಹನ್ನೆರಡರವರೆಗೆ ಇದ್ರೆ ಪೆಟ್ರೋಲ್ ಕಡೆದು, ಇನ್ನೂ ಸ್ವಲ್ಪ ಉದ್ದ ಆದ್ರೆ ಸೀಮೆಎಣ್ಣೆ, ಇಪ್ಪತ್ತರ ಆಸುಪಾಸಿಗೆ ಬಂದ್ರೆ ಡೀಸೆಲ್, ಅದಕ್ಕೂ ಉದ್ದದ, ಸಿಕ್ಕುಸಿಕ್ಕಾದ ಮಾಲೆಗಳೆಲ್ಲ ಕೊನೆಗೆ ಟಾರು. ಇವೆಲ್ಲ ಒಂದೇ ಬುಟ್ಟಿಯಲ್ಲಿ ಕಲಸಿ ಬಿದ್ದಿರೋದೇ ಕ್ರೂಡ್. ಮಾಲೆ ಉದ್ದ ಆದಷ್ಟೂ ಅದು ಆವಿ ಆಗೋಕೆ ಹೆಚ್ಚು ಬಿಸಿ ಕೇಳುತ್ತೆ, ಇದೊಂದು ಗೊತ್ತಾದ್ರೆ ನಿಮ್ಮ ಪುಸ್ತಕದ ಕಂಬ ಅರ್ಧ ಗೊತ್ತಾದ ಹಾಗೆ.

ಈಗ ಹಡಗಿನಿಂದ ಶುರು ಮಾಡೋಣ. ದೊಡ್ಡ ಟ್ಯಾಂಕರ್ ಹಡಗುಗಳು ಬಂದರಿನ ಒಳಗೆ ಬರೋಕಾಗಲ್ಲ, ಅಷ್ಟು ಆಳ ಇರಲ್ಲ, ಅದಕ್ಕೆ ಮಂಗಳೂರು ದಡದಿಂದ ಹದಿನೈದು ಕಿಲೋಮೀಟರಿಗೂ ಆಚೆ ಸಮುದ್ರದಲ್ಲೇ ಒಂದು ದೊಡ್ಡ ಬೋಯಾ ತೇಲಿಬಿಟ್ಟಿದಾರೆ, ಹಡಗು ಅಲ್ಲೇ ಕಟ್ಕೊಂಡು ನಿಂತು ಸಮುದ್ರದ ತಳದ ಪೈಪಿಗೆ ಎಣ್ಣೆ ಬಿಡುತ್ತೆ. ಬಂದ ಕ್ರೂಡನ್ನ ಟ್ಯಾಂಕಲ್ಲಿ ಬಿಟ್ಟು ತಳಕ್ಕೆ ಇಳಿದ ನೀರು ತೆಗೀತಾರೆ. ಆಮೇಲೆ ಇನ್ನೊಂದು ತಮಾಷೆ, ನೀರು ತೆಗೆದ ಎಣ್ಣೆಗೆ ಮತ್ತೆ ನೀರು ಹಾಕ್ತಾರೆ! ಯಾಕಂದ್ರೆ ಕ್ರೂಡ್‌ನಲ್ಲಿ ಉಪ್ಪಿರುತ್ತೆ, ಅದು ಬಿಸಿಗೆ ಆಮ್ಲ ಬಿಟ್ಟು ಆ ಕಂಬದ ತಲೆಯ ಕಬ್ಬಿಣಾನೇ ತಿಂದುಹಾಕುತ್ತೆ, ಅದಕ್ಕೆ ಶುದ್ಧ ನೀರು ಬೆರೆಸಿ ಉಪ್ಪನ್ನ ಅದಕ್ಕೆ ಹೀರಿಸಿ ಕರೆಂಟ್ ಹಾಯಿಸಿ ಆ ನೀರಿನ ಹನಿಗಳನ್ನ ಒಟ್ಟುಗೂಡಿಸಿ ಕೆಳಗಿಳಿಸ್ತಾರೆ. ಡೀಸಾಲ್ಟರ್ ಅಂತಾರೆ ಇದಕ್ಕೆ. ನೋಡೋಕೆ ಸುಮ್ನೆ ಮಲಗಿರೋ ಒಂದು ಡ್ರಮ್ಮು, ಆದ್ರೆ ಇದು ಸರಿಯಿಲ್ದಿದ್ರೆ ಮುಂದೆ ವರ್ಷಗಟ್ಟಲೆ ಅನುಭವಿಸ್ಬೇಕಾಗುತ್ತೆ.

ಅಲ್ಲಿಂದ ಫರ್ನೇಸ್. ಕ್ರೂಡನ್ನ ಸುಮಾರು 350ರಿಂದ 370 ಡಿಗ್ರಿವರೆಗೆ ಕಾಯಿಸಿ ಕಾಲಮ್ಮಿನ ಕೆಳಭಾಗಕ್ಕೆ ಬಿಡ್ತಾರೆ. ಇದೇ ನಿಮ್ಮ ಪುಸ್ತಕದ ಕಂಬ. ಒಳಗೆ ಏನಿದೆ ಅಂತೀರಾ, ಇಡ್ಲಿ ಸ್ಟ್ಯಾಂಡು. ನಿಜವಾಗ್ಲೂ! ತೂತು ತೂತಿನ ತಟ್ಟೆಗಳು ಒಂದರ ಮೇಲೊಂದು, ನಲವತ್ತು ಐವತ್ತು ತಟ್ಟೆ, ಒಂದೊಂದೂ ಒಬ್ಬ ಮನುಷ್ಯ ಓಡಾಡೋಷ್ಟು ಅಗಲ. ಇಡ್ಲಿ ಪಾತ್ರೆಯಲ್ಲಿ ಹಬೆ ಮೇಲೇರೋ ಹಾಗೆ ಎಣ್ಣೆಯ ಆವಿ ತೂತಿನಿಂದ ಮೇಲೇರುತ್ತೆ, ಮೇಲೆ ಹೋದಷ್ಟೂ ತಂಪು, ಯಾವ್ಯಾವ ಮಾಲೆಗೆ ಎಲ್ಲೆಲ್ಲಿ ತಂಪು ಸಾಕಾಗುತ್ತೋ ಅದು ಆ ತಟ್ಟೆಯಲ್ಲೇ ದ್ರವವಾಗಿ ಕೂತ್ಕೊಳ್ಳುತ್ತೆ. ಕೆಳಗಿನ ತಟ್ಟೆಗಳಲ್ಲಿ ಡೀಸೆಲ್, ಅದರ ಮೇಲೆ ಸೀಮೆಎಣ್ಣೆ, ವಿಮಾನದ ಇಂಧನಾನೂ ಅಲ್ಲಿಂದ್ಲೇ, ತಲೆಯಿಂದ ನಾಫ್ತಾ, ಅಂದ್ರೆ ಪೆಟ್ರೋಲಿನ ಮೂಲ ಎಣ್ಣೆ, ಮತ್ತು ಗ್ಯಾಸು. ಹೊರಗೆ ಹೋಗೋ ಬಿಸಿ ಡೀಸೆಲ್ಲು ಒಳಗೆ ಬರ್ತಿರೋ ತಣ್ಣನೆ ಕ್ರೂಡನ್ನ ದಾರಿಯಲ್ಲೇ ಒಂದಿಷ್ಟು ಕಾಯಿಸಿ ಹೋಗುತ್ತೆ, ಬೇರೆ ಬೇರೆ ಪೈಪು, ಪಕ್ಕಪಕ್ಕ ಹಾದು ಹೋಗೋದು ಅಷ್ಟೇ, ಹೀಗೆ ಮಾಡ್ದಿದ್ರೆ ಫರ್ನೇಸಿಗೆ ಹಾಕೋ ಇಂಧನದಲ್ಲೇ ಕಂಪನಿ ಮುಳುಗುತ್ತೆ.

370 ಡಿಗ್ರಿಗೂ ಆವಿ ಆಗದೆ ತಳದಲ್ಲಿ ಉಳಿಯೋದು ಕಪ್ಪಗೆ ಗಟ್ಟಿ ಎಣ್ಣೆ. ಇನ್ನೂ ಬಿಸಿ ಮಾಡಿದ್ರೆ ಸುಟ್ಟು ಮಸಿ ಆಗಿ ಪೈಪಿಗೆ ಅಂಟ್ಕೊಳ್ಳುತ್ತೆ. ಹಾಗಾಗಿ ಎರಡನೇ ಕಾಲಮ್ಮಲ್ಲಿ ಗಾಳಿ ಎಳೆದು ಒತ್ತಡ ಇಳಿಸ್ತಾರೆ, ಒತ್ತಡ ಇಳಿದ್ರೆ ಕಡಿಮೆ ಬಿಸಿಗೇ ಕುದಿಯುತ್ತೆ, ಬೆಟ್ಟದ ಮೇಲೆ ಅನ್ನ ಬೇಯೋದು ತಡ ಆಗೋದು ಇದೇ ಕಾರಣಕ್ಕೆ. ಅಲ್ಲೂ ಉಳಿದಿದ್ದು ರಸ್ತೆಗೆ ಹಾಕೋ ಟಾರು, ಇಲ್ಲ ಮುಂದಿನ ಪ್ಲಾಂಟಿಗೆ ಕಚ್ಚಾ ಮಾಲು.

ಒಂದು ರಾತ್ರಿ ಪಾಳಿ ನೆನಪಾಗ್ತಿದೆ, ಯಾವ ರಿಫೈನರಿ ಅಂತ ಬೇಡ. ಬೆಳಗಿನ ಜಾವ ಲ್ಯಾಬ್‌ಗೆ ಬಂದ ಸೀಮೆಎಣ್ಣೆ ಸ್ಯಾಂಪಲ್ ಬಾಟಲಿ ಟ್ಯೂಬ್‌ಲೈಟಿಗೆ ಹಿಡಿದ್ರೆ ಬಾವಿ ನೀರಿನ ಹಾಗೆ ಇರ್ಬೇಕಾದ್ದು ತೆಳು ಚಹಾ ಬಣ್ಣಕ್ಕಿದೆ. ಕೆಳಗಿನ ತಟ್ಟೆಯ ಭಾರದ ಎಣ್ಣೆ ಮೇಲಕ್ಕೆ ಚಿಮ್ಮಿ ಬಂದಿತ್ತು, ಅಷ್ಟೇ, ಆದ್ರೆ ಆ ಟ್ಯಾಂಕ್ ಪೂರ್ತಿ ಆಫ್-ಸ್ಪೆಕ್, ಅಂದ್ರೆ ಮಾರೋಕಾಗಲ್ಲ, ಮತ್ತೆ ಕೆಟ್ಟ ಎಣ್ಣೆ ಹಾಕೋ ಸ್ಲಾಪ್ ಟ್ಯಾಂಕಿಗೆ ಹಾಕಿ ಮೊದಲಿನಿಂದ ಕಾಯಿಸ್ಬೇಕು. ಪಾನೆಲ್ ಮೇಲಿದ್ದ ಹುಡುಗ ಮೇಲಿಂದ ಇಳಿಸೋ ತಣ್ಣನೆ ಎಣ್ಣೆ ಹೆಚ್ಚು ಮಾಡಿ, ಸೀಮೆಎಣ್ಣೆ ಎಳೆಯೋದನ್ನ ಸ್ವಲ್ಪ ಕಮ್ಮಿ ಮಾಡಿ, ಮತ್ತೆ ಬಣ್ಣ ತಿಳಿಯಾಗೋ ಹೊತ್ತಿಗೆ ಬೆಳಗಿನ ಪಾಳಿಯವರು ಟಿಫನ್ ಮುಗಿಸಿ ಬಂದಿದ್ರು.

ಪ್ರಶ್ನೆ: ನಮಗ ಬೇಕಾಗಿದ್ದು ಡೀಸೆಲ್ ಒಂದ ರೀ. ಬರೇ ಡೀಸೆಲ್ ತೆಗದು ಉಳದಿದ್ದು ಬಿಟ್ಟರ ಆಗೂದಿಲ್ಲೇನು? ರೇಟರ ಇಳೀತೈತಿ. — ಲಾರಿ ಮಾಲೀಕರು, ಹುಬ್ಬಳ್ಳಿ

ಉತ್ತರ: ಸಾಹೇಬ್ರ, ಕುರಿ ಕಡಿದು ತೊಡೆ ಮಾಂಸ ಒಂದೇ ಬೇಕು ಅಂದ್ರೆ ತಲೆ, ಕಾಲು, ಬೋಟಿ ಎಲ್ಲಿಗೆ ಹಾಕ್ಬೇಕು ಹೇಳ್ರಿ. ಕ್ರೂಡೂ ಹಂಗೇ, ಬಂದ್ರೆ ಎಲ್ಲಾ ಒಟ್ಟಿಗೇ ಬರೋದು. ನೂರೈವತ್ತು ವರ್ಷದ ಹಿಂದೆ ನಿಮ್ಮ ಹಾಗೇ ಯೋಚನೆ ಮಾಡ್ತಿದ್ರು, ಆಗ ಬೇಕಿದ್ದಿದ್ದು ದೀಪಕ್ಕೆ ಚಿಮಣಿ ಎಣ್ಣೆ ಮಾತ್ರ, ಅಮೆರಿಕದಲ್ಲಿ ಪೆಟ್ರೋಲನ್ನ ಯಾರೂ ಕೇಳೋರಿಲ್ಲ ಅಂತ ಹೊಳೆಗೆ ಬಿಡ್ತಿದ್ರು. ಕಾರು ಬಂದ ಮೇಲೆ ತಿರುಗಾಮುರುಗಾ ಆಯ್ತು.

ಆದ್ರೆ ನಿಮ್ಮ ಪ್ರಶ್ನೆಯಲ್ಲಿ ಒಂದು ಸತ್ಯ ಇದೆ, ರಿಫೈನರಿ ದುಡ್ಡು ಮಾಡೋದೇ ಅಲ್ಲಿ. ಕಾಲಮ್ಮಲ್ಲಿ ಬೇರೆ ಮಾಡೋದು ಬರೇ ಮೊದಲನೇ ಮನೆ, ಅಲ್ಲಿ ಪ್ರಕೃತಿ ಕೊಟ್ಟಷ್ಟೇ ಸಿಗೋದು. ಬೇಡದ ಉದ್ದ ಮಾಲೆಗಳನ್ನ ಮೊಳ ಮೊಳ ಕತ್ತರಿಸಿ ಬೇಕಾದ ಅಳತೆಗೆ ತರೋದು ಎರಡನೇ ಮನೆ, ಕ್ರ್ಯಾಕಿಂಗ್ ಅಂತಾರೆ, ನನ್ನ ಪ್ರಕಾರ ನಿಜವಾದ ಜಾಣತನ ಇರೋದು ಇಲ್ಲೇ. ಕತ್ತರಿಸೋಕೆ ಮೂರು ದಾರಿ ಹೇಳ್ತೀನಿ.

ಒಂದು, ಪುಡಿ ಹಾಕಿ. ಮೈದಾ ಹಿಟ್ಟಿನಂಥ ನುಣುಪಾದ ಬಿಸಿ ಪುಡಿಗೆ ಭಾರದ ಎಣ್ಣೆ ಚಿಮುಕಿಸ್ತಾರೆ, 500 ಡಿಗ್ರಿ ದಾಟಿದ ಬಿಸಿ, ಪುಡಿ ಎಣ್ಣೆ ಎರಡೂ ಒಟ್ಟಿಗೆ ಪೈಪಲ್ಲಿ ಮೇಲಕ್ಕೆ ಹಾರಿ ಎರಡು ಮೂರು ಸೆಕೆಂಡಲ್ಲಿ ಮಾಲೆ ತುಂಡಾಗಿಬಿಡುತ್ತೆ. ಪುಡಿಯ ಮೈಗೆ ಮಸಿ ಮೆತ್ಕೊಂಡು ಅದು ಕರ್ರಗಾಗುತ್ತೆ, ಆ ಮಸಿಯನ್ನ ಪಕ್ಕದ ಪಾತ್ರೆಯಲ್ಲಿ ಸುಟ್ಟು ಪುಡಿ ಮತ್ತೆ ವಾಪಸ್, ಹಗಲೂ ರಾತ್ರಿ ಇದೇ ತಿರುಗಾಟ. ಎರಡು, ಹೈಡ್ರೋಜನ್ ಒತ್ತಿ. ನಿಮ್ಮ ಲಾರಿ ಟೈರಿಗೆ ಎಷ್ಟು ಗಾಳಿ ಹೊಡಿಸ್ತೀರೋ ಅದರ ಹದಿನೈದು ಇಪ್ಪತ್ತು ಪಟ್ಟು ಒತ್ತಡದಲ್ಲಿ ಹೈಡ್ರೋಜನ್ ತುಂಬಿ ಕತ್ತರಿಸೋದು, ಕತ್ತರಿಸಿದ ತುದಿಗೆ ಹೈಡ್ರೋಜನ್ ಕೂತು ಗಂಟು ಹಾಕಿದ ಹಾಗಾಗುತ್ತೆ, ನಿಮಗೆ ಬೇಕಾದ ಒಳ್ಳೇ ಡೀಸೆಲ್ ಬರೋದು ಇಲ್ಲಿಂದ. ಮೂರು, ಬರೇ ಬಿಸಿ ಕೊಟ್ಟು. ಎಲ್ಲಾ ಮುಗಿದು ಉಳಿದ ತಳದ ಎಣ್ಣೆಯನ್ನ ಚೆನ್ನಾಗಿ ಕಾಯಿಸಿ ಆಳೆತ್ತರ ಅಲ್ಲ ಮನೆಯೆತ್ತರದ ಡ್ರಮ್ಮಿಗೆ ತುಂಬಿ ಬಿಟ್ಬಿಡ್ತಾರೆ, ಹಗುರಾದ್ದು ಆವಿಯಾಗಿ ಮೇಲೆ ಹೋಗುತ್ತೆ, ಡ್ರಮ್ ತುಂಬಾ ಕಲ್ಲಿದ್ದಲಿನಂಥ ಗಟ್ಟಿ ಕೋಕ್ ಉಳಿಯುತ್ತೆ. ಅದನ್ನ ತೆಗೆಯೋದು ನೋಡ್ಬೇಕು ನೀವು, ಮೇಲಿಂದ ಬೋರ್‌ವೆಲ್ ಕೊರೆದ ಹಾಗೆ ಉದ್ದ ರಾಡ್ ಇಳಿಸಿ ನೀರಿನ ಜೆಟ್ಟಿನಿಂದಲೇ ಕತ್ತರಿಸಿ ಬೀಳಿಸ್ತಾರೆ, ಧಡಧಡ ಸದ್ದು, ಹಬೆ, ಕರೀ ನೀರು. ಆ ಪೆಟ್‌ಕೋಕ್ ಸಿಮೆಂಟ್ ಫ್ಯಾಕ್ಟರಿಗಳ ಗೂಡಿಗೆ ಉರುವಲು.

ಇಷ್ಟೆಲ್ಲಾ ಮಾಡಿದ್ರೂ ಬರೇ ಡೀಸೆಲ್ ಮಾಡೋಕಾಗಲ್ಲ, ಡೀಸೆಲ್ ಪಾಲು ಹೆಚ್ಚು ಮಾಡ್ಬಹುದು ಅಷ್ಟೇ. ರೇಟಿನ ವಿಷಯ ಕೇಳ್ಬೇಡ್ರಿ, ಅದರಲ್ಲಿ ಕಾಲಮ್ಮಿಗಿಂತ ತೆರಿಗೆ ದೊಡ್ಡದು.

ಪ್ರಶ್ನೆ: ನಾನು ಹೊಸ ಸೀರೆ ಉಟ್ಟಾಗೆಲ್ಲ ನಮ್ಮ ಮನೆಯವರು "ಬೆಂಕಿ ಹತ್ರ ಹೋಗ್ಬೇಡ, ಅದು ಪೆಟ್ರೋಲಿಂದ ಮಾಡಿದ್ದು" ಅಂತ ಚುಡಾಯಿಸ್ತಾರೆ. ನಿಜಾನಾ ಇದು? — ಗೃಹಿಣಿ, ದಾವಣಗೆರೆ

ಉತ್ತರ: ಪಾಲಿಯೆಸ್ಟರ್ ಸೀರೆ ಆದ್ರೆ ನಿಮ್ಮ ಯಜಮಾನ್ರು ಹೇಳಿದ್ದು ಮುಕ್ಕಾಲು ಪಾಲು ನಿಜ ತಾಯಿ. ಪೆಟ್ರೋಲ್ ಅಲ್ಲ, ಅದರ ಅಣ್ಣ ತಮ್ಮ ಅನ್ನಿ. ಒಲೆ ಹತ್ರ ಹುಷಾರಾಗಿರಿ ಅನ್ನೋದಂತೂ ಪೂರ್ತಿ ನಿಜ, ಅದು ಕರಗಿ ಮೈಗೆ ಅಂಟ್ಕೊಳ್ಳುತ್ತೆ.

ಕಾಲಮ್ಮಿನ ತಲೆಯಿಂದ ನಾಫ್ತಾ ಬರುತ್ತೆ ಅಂದ್ನಲ್ಲ, ಅದನ್ನ ಪ್ಲಾಟಿನಂ ಇರೋ ಕ್ಯಾಟಲಿಸ್ಟ್ (ರಾಸಾಯನಿಕ ಕ್ರಿಯೆ ಚುರುಕು ಮಾಡೋ ವಸ್ತು) ಮೇಲೆ ಹಾಯಿಸಿದ್ರೆ ನೆಟ್ಟಗಿರೋ ಮಾಲೆ ಬಳೆಯ ಹಾಗೆ ದುಂಡಗಾಗುತ್ತೆ. ಹೀಗೆ ದುಂಡಗಾದವರಲ್ಲಿ ಒಬ್ಬಳು ಪ್ಯಾರಾಝೈಲೀನ್. ಇವಳನ್ನ ಅಕ್ಕತಂಗಿಯರಿಂದ ಬೇರೆ ಮಾಡೋದೇ ದೊಡ್ಡ ಕೆಲಸ, ಯಾಕಂದ್ರೆ ಇವಳು ಕುದಿಯೋದು 138 ಡಿಗ್ರಿಗೆ, ತಂಗಿ ಮೆಟಾಝೈಲೀನ್ 139ಕ್ಕೆ, ಇಡ್ಲಿ ಸ್ಟ್ಯಾಂಡ್ ಇಲ್ಲಿ ನಡೆಯಲ್ಲ. ಹೆಪ್ಪುಗಟ್ಟೋದು ಮಾತ್ರ ಬೇರೆ ಬೇರೆ, ಪ್ಯಾರಾ 13 ಡಿಗ್ರಿಗೇ ಗಟ್ಟಿ, ಮಡಿಕೇರಿಯಲ್ಲಿ ಚಳಿಗಾಲದ ರಾತ್ರಿ ಬಾಟಲಿ ಹೊರಗಿಟ್ರೆ ಬೆಳಿಗ್ಗೆ ಕೊಬ್ಬರಿಎಣ್ಣೆ ತರ ಕಟ್ಟಿರುತ್ತೆ. ಮೊದಲು ಹಾಗೆ ಹೆಪ್ಪುಗಟ್ಟಿಸೇ ಬೇರೆ ಮಾಡ್ತಿದ್ರು, ಈಗ ಹೆಚ್ಚಾಗಿ ಅವಳೊಬ್ಬಳನ್ನೇ ಹಿಡಿದಿಟ್ಕೊಳ್ಳೋ ಸಣ್ಣ ತೂತಿನ ಹರಳುಗಳ ಮೂಲಕ ಸೋಸ್ತಾರೆ. ಮಂಗಳೂರಲ್ಲಿ ಇದಕ್ಕಂತಲೇ ಒಎಂಪಿಎಲ್ ಅನ್ನೋ ಕಂಪನಿ ಇತ್ತು, ವರ್ಷಕ್ಕೆ ಸುಮಾರು 9 ಲಕ್ಷ ಟನ್ ಪ್ಯಾರಾಝೈಲೀನ್ ಸಾಮರ್ಥ್ಯದ್ದು, 2022ರಲ್ಲಿ ಎಂಆರ್‌ಪಿಎಲ್ ಜೊತೆ ಸೇರಿಹೋಯ್ತು. ಪ್ಯಾರಾಝೈಲೀನ್ ಮುಂದೆ ಬಿಳೀ ಪುಡಿಯಾಗುತ್ತೆ, ಆ ಪುಡಿ ಗ್ಲೈಕಾಲ್ ಅನ್ನೋ ದ್ರವದ ಜೊತೆ ಸೇರಿ ಪಾಲಿಯೆಸ್ಟರ್, ಅದನ್ನ ಕರಗಿಸಿ ಶಾವಿಗೆ ಒತ್ತಿದ ಹಾಗೆ ಸಣ್ಣ ತೂತಿಂದ ಎಳೆದ್ರೆ ನೂಲು, ಅಚ್ಚಿಗೆ ಊದಿದ್ರೆ ನೀರಿನ ಬಾಟಲಿ. ಅಂದ್ರೆ ನಿಮ್ಮ ಸೀರೆ, ನಿಮ್ಮ ಯಜಮಾನ್ರು ಬಸ್‌ಸ್ಟ್ಯಾಂಡಲ್ಲಿ ತಗೊಳ್ಳೋ ನೀರಿನ ಬಾಟಲಿ ಎರಡೂ ಒಂದೇ ಪದಾರ್ಥ, ಇನ್ನೊಂದು ಸಲ ಚುಡಾಯಿಸಿದ್ರೆ ಇದನ್ನ ಹೇಳಿ.

ಇದು ಸೀರೆಯ ದಾರಿ. ಪ್ಲಾಸ್ಟಿಕ್ ಕುರ್ಚಿಗೆ ಇನ್ನೊಂದು ದಾರಿ. ಮೇಲೆ ಹುಬ್ಬಳ್ಳಿಯವರಿಗೆ ಪುಡಿ ಹಾಕಿ ಕತ್ತರಿಸೋದು ಹೇಳಿದ್ನಲ್ಲ, ಅಲ್ಲಿ ಮೂರು ಹೂವಿನ ಸಣ್ಣ ತುಂಡು, ಪ್ರೊಪಿಲೀನ್ ಅನ್ನೋ ಗ್ಯಾಸು, ಬೇಕಾದಷ್ಟು ಉದುರುತ್ತೆ. ಅದನ್ನ ಮತ್ತೆ ಪೋಣಿಸಿ ಕಟ್ಟಿದ್ರೆ ಸಾವಿರಾರು ಹೂವಿನ ಮಾಲೆ, ಪಾಲಿಪ್ರೊಪಿಲೀನ್. ನೋಡಿ, ಉದ್ದ ಇದ್ದಿದ್ದನ್ನ ಅಷ್ಟು ಕಷ್ಟಪಟ್ಟು ಕತ್ತರಿಸಿ ಮತ್ತೆ ಉದ್ದ ಕಟ್ಟೋದು, ಹುಚ್ಚಾಟ ಅನ್ಸುತ್ತೆ, ಆದ್ರೆ ಈ ಸಲ ಮಾಲೆ ನಮಗೆ ಬೇಕಾದ ಹಾಗೆ ಒಂದೇ ಕ್ರಮದಲ್ಲಿ ನೀಟಾಗಿ ಬರುತ್ತೆ. ಹೀಗೆ ನೀಟಾಗಿ ಕಟ್ಟೋ ಕ್ಯಾಟಲಿಸ್ಟ್ ಕಂಡುಹಿಡಿದಿದ್ದಕ್ಕೆ ಜೀಗ್ಲರ್ ಮತ್ತು ನಟ್ಟಾ ಅವರಿಗೆ 1963ರಲ್ಲಿ ನೊಬೆಲ್ ಬಂತು. ಎಂಆರ್‌ಪಿಎಲ್‌ನಲ್ಲಿ ವರ್ಷಕ್ಕೆ 4.4 ಲಕ್ಷ ಟನ್ ಮಾಡೋ ಪ್ಲಾಂಟ್ ಇದೆ. ಹೊರಗೆ ಬರೋವಾಗ ಅದು ಥೇಟ್ ಸಬ್ಬಕ್ಕಿ, ಕೈಗೆ ಹಾಕ್ಕೊಂಡ್ರೆ ಜಾರಿ ಹೋಗುತ್ತೆ, ನೆಲಕ್ಕೆ ಚೆಲ್ಲಿದ್ರೆ ಕಾಲಿಡೋರು ಬಿದ್ದೇ ಬೀಳ್ತಾರೆ. ಕುರ್ಚಿ, ಬಕೆಟ್, ಸಿಮೆಂಟು ಅಕ್ಕಿ ಗೊಬ್ಬರದ ನೇಯ್ದ ಚೀಲ, ಕೊರೋನಾ ಕಾಲದ ಮಾಸ್ಕ್, ಎಲ್ಲಾ ಇದರದ್ದೇ.

ಮನೆಯಲ್ಲೇ ನೋಡ್ಬೇಕಾದ್ರೆ ಟಿಫನ್ ಡಬ್ಬಿ ತಲೆಕೆಳಗು ಮಾಡಿ, ತ್ರಿಕೋನದಲ್ಲಿ 5 ಇದ್ರೆ ಪಾಲಿಪ್ರೊಪಿಲೀನ್, ನೀರಿನ ಬಾಟಲಿಯಲ್ಲಿ 1 ಇರುತ್ತೆ. ಬಾಟಲಿಯ ಒಂದು ಚೂರು ಕತ್ತರಿಸಿ ನೀರಿಗೆ ಹಾಕಿ, ಮುಳುಗುತ್ತೆ. ಅದರ ಮುಚ್ಚಳ ಹಾಕಿ, ತೇಲುತ್ತೆ.

ಪ್ರಶ್ನೆ: ನಮ್ಮ ಕಡೆ ಸಕ್ಕರೆ ಫ್ಯಾಕ್ಟರಿಗೆ ಲೋಡುಗಟ್ಟಲೆ ಗಂಧಕ ಬರ್ತದೆ. ಅದು ಎಣ್ಣೆ ಕಂಪನಿಯಿಂದ ಬರೋದು ಅಂದ್ರು ಡ್ರೈವರ್. ಎಣ್ಣೆಗೂ ಗಂಧಕಕ್ಕೂ ಏನ್ ಸಂಬಂಧ ಸ್ವಾಮಿ? — ಕಬ್ಬು ಬೆಳೆಗಾರರು, ಮಂಡ್ಯ ಜಿಲ್ಲೆ

ಉತ್ತರ: ಡ್ರೈವರ್ ಹೇಳಿದ್ದು ಸರಿಯಾಗೇ ಇದೆ. ಕೊಲ್ಲಿ ದೇಶಗಳ ಕ್ರೂಡ್‌ನಲ್ಲಿ ನೂರಕ್ಕೆ ಎರಡರಷ್ಟೋ ಅದರ ಹಿಂದೆಮುಂದೆಯೋ ಗಂಧಕ ಇರೋದು ಸಾಮಾನ್ಯ, ಇಂಥದಕ್ಕೆ ಸೋರ್ ಕ್ರೂಡ್ ಅಂತಾರೆ, ಹುಳಿ ಎಣ್ಣೆ. ಅದು ಡೀಸೆಲ್‌ನಲ್ಲೇ ಉಳಿದ್ರೆ ಹೊಗೆಯಲ್ಲಿ ಹೊರಗೆ ಬಂದು ನಮ್ಮ ಶ್ವಾಸಕೋಶಕ್ಕೆ, ಗಾಡಿಯ ಸೈಲೆನ್ಸರ್ ಕಡೆಯ ಕ್ಯಾಟಲಿಸ್ಟಿಗೂ ವಿಷ. 2020ರ ಏಪ್ರಿಲ್ 1ರಿಂದ ದೇಶಕ್ಕೆಲ್ಲ ಬಿಎಸ್-6 ಇಂಧನ ಬಂತಲ್ಲ, ಅದರಲ್ಲಿ ಗಂಧಕ ಹತ್ತು ಲಕ್ಷ ಪಾಲಿಗೆ 10 ಪಾಲು ದಾಟೋ ಹಾಗಿಲ್ಲ, ಮೊದಲು 50 ಇತ್ತು. ನೂರು ಟನ್ ಡೀಸೆಲ್‌ನಲ್ಲಿ ಒಂದೇ ಒಂದು ಕೆ.ಜಿ. ಅಂದ್ಕೊಳ್ಳಿ. ಹೈಡ್ರೋಜನ್ ಜೊತೆ ಬಿಸಿ ಮಾಡಿದ್ರೆ ಗಂಧಕ ಎಣ್ಣೆ ಬಿಟ್ಟು ಹೈಡ್ರೋಜನ್ ಹಿಂದೆ ಹೋಗಿ ಕೊಳೆತ ಮೊಟ್ಟೆ ವಾಸನೆಯ ಗ್ಯಾಸ್ ಆಗುತ್ತೆ, ಭಯಂಕರ ವಿಷ ಅದು, ಜಾಸ್ತಿ ಆದ್ರೆ ಮೂಗಿಗೆ ವಾಸನೇನೂ ಗೊತ್ತಾಗಲ್ಲ, ಅದಕ್ಕೇ ನಾವೆಲ್ಲ ಜೇಬಿಗೆ ಮೀಟರ್ ಸಿಕ್ಕಿಸ್ಕೊಂಡು ಓಡಾಡ್ತಿದ್ವಿ. ಅದರಲ್ಲಿ ಒಂದು ಭಾಗ ಸುಟ್ಟು ಉಳಿದಿದ್ದರ ಜೊತೆ ಸೇರಿಸಿದ್ರೆ ಅರಿಶಿನದಂಥ ಗಂಧಕ ಕರಗಿ ಹರಿದು ಬರುತ್ತೆ. ನಿಮ್ಮ ಫ್ಯಾಕ್ಟರಿಯಲ್ಲಿ ಕಬ್ಬಿನ ಹಾಲು ಬೆಳ್ಳಗಾಗೋಕೆ ಅದರದ್ದೇ ಹೊಗೆ ಕೊಡೋದು.

ಪ್ರಶ್ನೆ: ಇಲ್ಲಿ ರಾತ್ರಿ ಟೆರೇಸ್ ಹತ್ತಿದ್ರೆ ರಿಫೈನರಿಯ ಬೆಂಕಿ ಕಾಣ್ತದೆ ಮಾರಾಯ್ರೆ. ಅಷ್ಟು ಗ್ಯಾಸ್ ಸುಮ್ನೆ ಸುಡೋ ಬದ್ಲು ಸಿಲಿಂಡರಿಗೆ ತುಂಬಿ ಕೊಟ್ರೆ ಆಗೂದಿಲ್ವಾ? — ಸುರತ್ಕಲ್

ಉತ್ತರ: ಆ ಬೆಂಕಿ ಪ್ರೆಶರ್ ಕುಕ್ಕರಿನ ಸೀಟಿ ಇದ್ದ ಹಾಗೆ. ಕರೆಂಟು ಹೋಯ್ತು, ಕಂಪ್ರೆಸರ್ ನಿಂತ್ಹೋಯ್ತು ಅಂದ್ರೆ ಪಾತ್ರೆ ಪೈಪುಗಳಲ್ಲಿರೋ ಗ್ಯಾಸಿಗೆ ಎಲ್ಲೋ ಒಂದ್ಕಡೆ ದಾರಿ ಬೇಕೇ ಬೇಕು, ಹಾಗೇ ಗಾಳಿಗೆ ಬಿಟ್ರೆ ಅದು ಗಾಳಿಗಿಂತ ಭಾರ, ನೆಲದ ಮೇಲೇ ಹರಡಿ ಎಲ್ಲಿ ಕಿಡಿ ಸಿಗುತ್ತೋ ಅಲ್ಲಿ ಹೊತ್ಕೊಳ್ಳುತ್ತೆ. ಎತ್ತರದಲ್ಲಿ ಸುಡೋದೇ ಕ್ಷೇಮ. ಆ ಗಳಿಗೆ ಯಾವಾಗ ಬರುತ್ತೋ ಗೊತ್ತಿಲ್ಲದ್ದಕ್ಕೆ ಸಣ್ಣ ಜ್ವಾಲೆ ಯಾವಾಗಲೂ ಉರೀತಾ ಇರ್ಬೇಕು. ದಿನಾ ಬರೋ ಗ್ಯಾಸನ್ನ ಆದಷ್ಟು ಹಿಡಿದು ಫರ್ನೇಸಿಗೇ ಹಾಕ್ತಾರೆ. ನೀವು ಗಮನಿಸ್ಬೇಕಾದ್ದು ಜ್ವಾಲೆ ದೊಡ್ಡದಾಗಿ ಕಪ್ಪು ಹೊಗೆ ಬಂದಾಗ, ಆಗ ಒಳಗೆ ಏನೋ ಟ್ರಿಪ್ ಆಗಿದೆ ಅಂತ ಅರ್ಥ, ನಿಮ್ಮೂರಿನವರು ಅಂಥ ದಿನ ಕೇಳೋದು ಪೂರ್ತಿ ನ್ಯಾಯ, ಕೇಳಿ.

ಪ್ರಶ್ನೆ: ಮಂಗಳೂರಿಂದ ಬೆಂಗಳೂರಿಗೆ ಒಂದೇ ಪೈಪಲ್ಲಿ ಪೆಟ್ರೋಲೂ ಡೀಸೆಲ್ಲೂ ಬರುತ್ತಂತೆ. ಬೆರ್ತು ಹೋಗಲ್ವಾ? — ಹೊಸಕೋಟೆ

ಉತ್ತರ: ಒಂದೇ ಪೈಪು, ಹೌದು, ಹಾಸನದ ಮೇಲೆ ನಿಮ್ಮ ಹತ್ರದ ದೇವನಗೊಂದಿವರೆಗೆ ಸುಮಾರು 360 ಕಿ.ಮೀ. ಡೀಸೆಲ್ ಹಿಂದೆ ಪೆಟ್ರೋಲ್, ಅದರ ಹಿಂದೆ ಇನ್ನೊಂದು, ಮಧ್ಯೆ ಗೋಡೆ ಏನೂ ಇರಲ್ಲ. ಪೈಪ್ ತುಂಬಿ ಜೋರಾಗಿ ಹರಿಯೋದ್ರಿಂದ ಎರಡೂ ಮುಟ್ಟೋ ಜಾಗದಲ್ಲಿ ಮಾತ್ರ ಒಂದಿಷ್ಟು ಬೆರೆಯುತ್ತೆ, ಆ ಪಾಲು ಬಂತು ಅಂತ ಸಾಂದ್ರತೆ ನೋಡ್ತಾ ಕೂತಿರೋರಿಗೆ ಗೊತ್ತಾದ ತಕ್ಷಣ ವಾಲ್ವ್ ತಿರುಗಿಸಿ ಬೇರೆ ಟ್ಯಾಂಕಿಗೆ ಹಾಕ್ತಾರೆ. ಇಲ್ದಿದ್ರೆ ಅಷ್ಟೂ ಟ್ಯಾಂಕರ್ ಲಾರಿಗಳು ಶಿರಾಡಿ ಘಾಟಿ ಹತ್ತಬೇಕಿತ್ತು, ಮಳೆಗಾಲದಲ್ಲಿ ಅಲ್ಲಿ ಸಿಕ್ಕಾಕ್ಕೊಂಡೋರಿಗೆ ಈ ಪೈಪಿನ ಬೆಲೆ ಗೊತ್ತು.

ಪ್ರಶ್ನೆ: ಒಂದು ಪೀಪಾಯಿ ಅಂದ್ರೆ ಎಷ್ಟು ಲೀಟರು? ಅಷ್ಟು ಹಾಕಿದ್ರೆ ಅಷ್ಟೇ ಬರುತ್ತಾ, ಸುಟ್ಟು ಕಮ್ಮಿ ಆಗಲ್ವಾ? — ಹೈಸ್ಕೂಲ್ ಮೇಷ್ಟ್ರು, ಚಿತ್ರದುರ್ಗ

ಉತ್ತರ: 159 ಲೀಟರ್ ಮೇಷ್ಟ್ರೇ, ಅಮೆರಿಕದ ಲೆಕ್ಕದಲ್ಲಿ 42 ಗ್ಯಾಲನ್. ಆದ್ರೆ ನಿಮ್ಮ ಮಕ್ಕಳಿಗೆ ಹೇಳಿದ್ರೆ ನಂಬಲ್ಲ, ಅಲ್ಲಿನ ರಿಫೈನರಿಗಳಲ್ಲಿ 42 ಗ್ಯಾಲನ್ ಹಾಕಿದ್ರೆ ಸರಾಸರಿ 45 ಗ್ಯಾಲನ್ ಹೊರಗೆ ಬರುತ್ತೆ. ತೂಕ ಹೆಚ್ಚಾಗಲ್ಲ, ಒತ್ತೊತ್ತಾಗಿದ್ದ ಭಾರದ ಎಣ್ಣೆ ಮುರಿದು ಹಗುರಾಗಿ ಜಾಗ ಜಾಸ್ತಿ ತಗೊಳ್ಳುತ್ತೆ. ಒಂದು ಸೇರು ಅಕ್ಕಿ ಹುರಿದ್ರೆ ಎಷ್ಟು ಸೇರು ಮಂಡಕ್ಕಿ ಆಗುತ್ತೆ ಅಂತ ನಿಮ್ಮೂರಲ್ಲಿ ಯಾವ ಭಟ್ಟಿಯವರನ್ನ ಕೇಳಿದ್ರೂ ಹೇಳ್ತಾರೆ.